ಗೋಡೆಗೆ ಮುಖ ಮಾಡಿದ ಕುರ್ಚಿ

ಅಪ್ಪ ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ. ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಅಪ್ಪ ರಿಟೈರಾದ ಮೇಲೆ ಅಪ್ಪ ಅಮ್ಮ ಇಬ್ಬರೂ ವಿದ್ಯಾನಗರದ ನಮ್ಮ ಮನೆಯಲ್ಲೇ ಇದ್ದಾರೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಅಪ್ಪನೂ ನಾನೂ ಗೇಟಿನ ಬಳಿ ನಿಂತೆವೆಂದರೆ ರಸ್ತೆಯಲ್ಲಿ ವಾಕಿಂಗ್ ಹೋಗುವವರಿಗೆಲ್ಲ ನಮ್ಮಿಂದ ಮಾರ್ಕ್ಸ್ ಬೀಳುತ್ತದೆ. ಇವರು ಹಿಮ್ಮಡಿ ಎಳೆಯುತ್ತಾರೆ, ಅವರ ಕೈ ಆಡುವುದೇ ಇಲ್ಲ, ಆ ಯಜಮಾನರದ್ದು ನಡಿಗೆಯಲ್ಲ, ಮೆರವಣಿಗೆ. "ಪಾಪ, ಅವ್ರು ಗಾಳಿಗೆ ಅಂತ ಬಂದಿರ್ತಾರೆ. ನೀವಿಬ್ರೂ ನಿಂತ್ಕೊಂಡು ಪಾಸು ಫೇಲು ಮಾಡ್ತಿದೀರ" ಎಂದು ಅಮ್ಮ ಒಳಗಿನಿಂದ ಗದರುತ್ತಾಳೆ.

ಅಮ್ಮ ಹೇಳುವುದು ಸುಳ್ಳಲ್ಲ. ಲೆಕ್ಕದ ಮೇಷ್ಟ್ರಿಗಾದರೆ ಉತ್ತರ ಸರಿಯೋ ತಪ್ಪೋ ಅಂತ ಪುಸ್ತಕ ಹೇಳುತ್ತದೆ. ಉದ್ದಜಿಗಿತಕ್ಕೆ ಟೇಪು ಇದೆ, ಓಟಕ್ಕೆ ಗಡಿಯಾರ ಇದೆ. ಆದರೆ ಖೋಖೋ, ಕಬಡ್ಡಿ ತಂಡದ ಆಯ್ಕೆಗೆ ಕೂತಾಗ ನಮಗಿರುವುದು ಕಣ್ಣು ಮಾತ್ರ. ಆ ಕಣ್ಣಿನಲ್ಲಿ ಮೊದಲೇ ಏನೇನೋ ತುಂಬಿಕೊಂಡಿರುತ್ತದೆ. ಮಗು ಮೈದಾನಕ್ಕೆ ಇಳಿಯುವ ಮುಂಚೆಯೇ ಅರ್ಧ ತೀರ್ಮಾನ ಆಗಿಬಿಟ್ಟಿರುತ್ತದೆ.

ನನ್ನ ಜೊತೆಯವರನ್ನೇ ನೋಡಿ. ಭದ್ರಾವತಿಯ ಒಬ್ಬ ಹಿರಿಯ ಮೇಷ್ಟ್ರು ಮಕ್ಕಳ ಮುಖ ನೋಡುವುದೇ ಇಲ್ಲ, ಕಾಲಿನ ಮೀನಖಂಡ ನೋಡುತ್ತಾರೆ. ಕಾಲು ಗಟ್ಟಿಯಾಗಿ ಕಂಡರೆ "ಇದು ಕುಂಸಿ ಕಡೆ ಮಗು ಇರ್ಬೇಕು, ಗದ್ದೇಲಿ ಓಡಾಡಿದ ಕಾಲು" ಎಂದು ಖುಷಿಪಡುತ್ತಾರೆ. ಆ ಮಗು ಶಿವಮೊಗ್ಗದ ಬಟ್ಟೆ ಅಂಗಡಿಯವರ ಮಗಳು ಅಂತ ಆಮೇಲೆ ಗೊತ್ತಾದರೂ ಅವರು ಅಭಿಪ್ರಾಯ ಬದಲಿಸುವುದಿಲ್ಲ. ಅಜ್ಜಿ ಮನೆ ಕುಂಸಿ ಇರಬಹುದು ಅನ್ನುತ್ತಾರೆ. ಇನ್ನೊಬ್ಬರು ಕಾರ್ಖಾನೆ ಕ್ವಾರ್ಟರ್ಸ್ ಕಡೆಯ ಶಾಲೆಯ ಟೀಚರ್. ಮನೆಮಾತು ತಮಿಳು, ಸಿಟ್ಟು ಬಂದರೆ ಕನ್ನಡ, ತಮಿಳು, ತೆಲುಗು ಎಲ್ಲದರಲ್ಲೂ ಬೈಯಬಲ್ಲರು. ಅವರಿಗೆ ಅಕ್ಕಂದಿರ ಹುಚ್ಚು. "ಇವಳ ಅಕ್ಕ ಎಂಥಾ ಪ್ಲೇಯರ್ ಗೊತ್ತಾ ಮೇಡಂ!" ಎಂದರೆ ಮುಗಿಯಿತು, ತಂಗಿ ಓಡುವಾಗ ತನ್ನ ಕಾಲಿಗೆ ತಾನೇ ಎಡವುವವಳಾದರೂ ತಂಡದಲ್ಲಿರುತ್ತಾಳೆ. ನನಗೆ ಜಗಳಗಂಟಿಯರು ಇಷ್ಟ. ಅಂಪೈರ್ ಜೊತೆ ವಾದಕ್ಕೆ ನಿಲ್ಲುವ ಹುಡುಗಿ ಕಂಡರೆ ಇವಳಲ್ಲಿ ಕಿಚ್ಚಿದೆ ಅನಿಸಿಬಿಡುತ್ತದೆ. ಸುಮ್ಮನಿರುವವಳಲ್ಲೂ ಕಿಚ್ಚು ಇರಬಹುದು ಅಂತ ನನಗೆ ನಾನೇ ನೆನಪು ಮಾಡಿಕೊಳ್ಳಬೇಕು. ಮೊದಲು ಓಡಿದವಳೂ ಕೊನೆಗೆ ಓಡಿದವಳೂ ಎಲ್ಲರ ನೆನಪಿನಲ್ಲಿ ಉಳಿಯುತ್ತಾರೆ. ನಡುವೆ, ಬಿಸಿಲೇರಿ ನಮಗೆ ಟೀ ಬರುವ ಹೊತ್ತಿಗೆ ಓಡಿದವಳಿಗೆ ದೇವರೇ ಗತಿ.

ಒಮ್ಮೆ ನಮಗೆಲ್ಲ ಈ ವಿಷಯದ ಮೇಲೆಯೇ ತರಬೇತಿ ಇತ್ತು. ತರಬೇತಿ ಕೊಡಲು ಬಂದಿದ್ದ ಹುಡುಗ ಚೆನ್ನಾಗಿಯೇ ಮಾತಾಡಿದ. ಮೇಷ್ಟ್ರಾದವರು ಮಕ್ಕಳನ್ನು ನೋಡುವ ಮೊದಲೇ ಅಳೆದುಬಿಡುತ್ತಾರೆ, ಓದಿನಲ್ಲಿ ಮುಂದಿರುವವರು ಆಟದಲ್ಲಿ ಹಿಂದೆ ಅಂದುಕೊಳ್ಳುತ್ತಾರೆ, ದಪ್ಪಗಿರುವವರನ್ನು ಸೋಮಾರಿ ಅಂದುಕೊಳ್ಳುತ್ತಾರೆ ಎಂದೆಲ್ಲ ಹೇಳಿದ. ನಾವೆಲ್ಲ ತಲೆಯಾಡಿಸಿದೆವು. ಮೀನಖಂಡದ ಮೇಷ್ಟ್ರು ಅಕ್ಕಂದಿರ ಟೀಚರ್ ಕಡೆ ನೋಡಿ ಮುಸಿಮುಸಿ ನಕ್ಕರು, ಅಕ್ಕಂದಿರ ಟೀಚರ್ ನನ್ನನ್ನು ಮೊಣಕೈಯಿಂದ ತಿವಿದು ಆ ಮೇಷ್ಟ್ರ ಕಡೆ ಕಣ್ಣು ತೋರಿಸಿದರು. ಹುಡುಗ ಹೇಳಿದ್ದು ತನಗೆ ಅಂತ ಒಬ್ಬರೂ ಅಂದುಕೊಳ್ಳಲಿಲ್ಲ.

ನಮ್ಮ ಕಣ್ಣಿನ ಈ ಕಾಯಿಲೆ ಅಪ್ಪನ ಕಾಲದ ಮೇಷ್ಟ್ರುಗಳಿಗೂ ಗೊತ್ತಿತ್ತು. ಅದಕ್ಕೆ ಅವರೇ ಒಂದು ಮದ್ದು ಕಂಡುಕೊಂಡಿದ್ದರು. ಜಿಲ್ಲಾ ತಂಡದ ಆಯ್ಕೆಗೆ ಬೇರೆ ಬೇರೆ ಶಾಲೆಯ ಮೇಷ್ಟ್ರುಗಳು ಮೈದಾನದ ಅಂಚಿನಲ್ಲಿ ಸಾಲಾಗಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ತನ್ನ ಶಾಲೆಯ ಮಗುವೋ ತನ್ನ ಸ್ವಂತ ಮಗುವೋ ಆಡಲು ಇಳಿದರೆ ಆ ಮೇಷ್ಟ್ರು ಎದ್ದು, ಕುರ್ಚಿ ತಿರುಗಿಸಿ, ಮೈದಾನಕ್ಕೆ ಬೆನ್ನು ಮಾಡಿ, ಕಾಂಪೌಂಡ್ ಗೋಡೆ ನೋಡುತ್ತಾ ಕೂರಬೇಕು. ಆ ಮಗುವಿನ ಸರದಿ ಮುಗಿದ ಮೇಲೆಯೇ ಈ ಕಡೆ ತಿರುಗಬೇಕು. ಆ ಮಗುವಿನ ಬಗ್ಗೆ ಒಂದು ಮಾತೂ ಆಡುವಂತಿಲ್ಲ. ಯಾವ ಸುತ್ತೋಲೆಯಲ್ಲೂ ಇದು ಇರಲಿಲ್ಲ. ಆದರೂ ನಮ್ಮ ಕಡೆಯ ಮೇಷ್ಟ್ರುಗಳು ಇದನ್ನು ಮಡಿಯ ಹಾಗೆ ಪಾಲಿಸುತ್ತಿದ್ದರು. ಅದರಲ್ಲೂ ಅಪ್ಪ ಎಲ್ಲರಿಗಿಂತ ಒಂದು ಕೈ ಮೇಲೆ. ಬೇರೆಯವರು ಕುರ್ಚಿಯನ್ನು ಅರ್ಧ ತಿರುಗಿಸಿ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಅಪ್ಪ ಪೂರಾ ತಿರುಗಿ ಕೂರುತ್ತಿದ್ದ, ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ.

ನಾನು ಅಪ್ಪನ ಶಾಲೆಯಲ್ಲೇ ಓದಿದೆ. ಮೈದಾನದಲ್ಲಿ ಅವನನ್ನು "ಸರ್" ಎನ್ನಬೇಕಿತ್ತು. ಬಾಯಿ ತಪ್ಪಿ "ಅಪ್ಪಾ" ಅಂದರೆ ಕೇಳಿಸದವನ ಹಾಗೆ ಮುಂದೆ ಹೋಗುತ್ತಿದ್ದ. ನನಗೆ ಖೋಖೋ ಕಲಿಸಿದವಳು ಕೂಡ ಅದೇ ಶಾಲೆಯ ಹಳೆಯ ವಿದ್ಯಾರ್ಥಿನಿ. ಮಗಳಿಗೆ ತಾನೇ ನಿಂತು ಕಲಿಸಿದರೆ ಉಳಿದ ಮಕ್ಕಳಿಗೆ ಮೋಸವಾಗುತ್ತದೆ ಎಂದು ಅಪ್ಪ ಅವಳನ್ನು ಗೊತ್ತು ಮಾಡಿದ್ದ. ಸಂಜೆ ಹುಡುಗಿಯರ ಖೋಖೋ ನಡೆಯುವಾಗ ಅವನು ಶಾಲೆಯ ಹಿಂಭಾಗದಲ್ಲಿ ಹುಡುಗರ ವಾಲಿಬಾಲ್ ನೋಡಿಕೊಳ್ಳುತ್ತಿದ್ದ. ಅವನ ಸೀಟಿಯ ಸದ್ದು ಮಾತ್ರ ನಮ್ಮ ಕಡೆಗೆ ಕೇಳಿಸುತ್ತಿತ್ತು.

ಮೊದಲ ಸಲ ಜಿಲ್ಲಾ ಆಯ್ಕೆಗೆ ಹೋದಾಗ ನಾನು ಒಂಬತ್ತನೇ ತರಗತಿ. ರನ್ನರ್ ಆಗಿ ಇಳಿದೆ. ಖೋಖೋದಲ್ಲಿ ರನ್ನರ್ ಅಂದರೆ ತಪ್ಪಿಸಿಕೊಳ್ಳುವವಳು. ಎರಡು ತುದಿಗೆ ಎರಡು ಕಂಬ, ನಡುವೆ ಸಾಲಾಗಿ ಕೂತ ಎದುರಾಳಿಗಳು. ಅವರ ಸಂದಿಯಲ್ಲಿ ನುಸುಳಿ, ಕಂಬ ಸುತ್ತಿ, ಬೆನ್ನಟ್ಟಿ ಬರುವವಳ ಕೈಗೆ ಸಿಗದೆ ಉಳಿಯಬೇಕು. ಇಳಿಯುವ ಮುಂಚೆ ಒಮ್ಮೆ ಕುರ್ಚಿಗಳ ಕಡೆ ನೋಡಿದೆ. ಆ ಸಾಲಿನಲ್ಲಿ ಕಂಡದ್ದು ಒಂದೇ ಒಂದು ಬೆನ್ನು, ಅಪ್ಪನದು. ಬಿಳಿ ಅಂಗಿ, ಕಾಲರ್ ಕೆಳಗೆ ಬೆವರಿನ ಕಲೆ. ನಿಯಮ ನನಗೂ ಗೊತ್ತಿತ್ತು. ಆದರೂ ಓಡುವಾಗ ಆಗಾಗ ಕಣ್ಣು ಆ ಕಡೆ ಹೋಗುತ್ತಿತ್ತು. ಬೆನ್ನು ಹಾಗೇ ಇತ್ತು. ಆ ವರ್ಷ ಆಯ್ಕೆಯಾದೆ. ಮರುವರ್ಷವೂ ಆದೆ.

ಆ ಮರುವರ್ಷವೇ, ಆಯ್ಕೆ ಮುಗಿದು ಎಲ್ಲರೂ ಟೀ ಕುಡಿಯುತ್ತಿದ್ದಾಗ, ಶಿವಮೊಗ್ಗದ ಒಬ್ಬ ಮೇಷ್ಟ್ರು ನನ್ನ ತಲೆ ಸವರಿ ನಗುತ್ತಾ ಹೇಳಿದರು: "ನಿಮ್ಮಪ್ಪ ತಿರುಗಿ ಕೂತ ತಕ್ಷಣ ನಾವು ನಿನ್ ಹೆಸ್ರು ಬರ್ದಾಯ್ತು ಕಣಮ್ಮ. ಅಂಥಾ ನಿಯತ್ತಿನ ಮನುಷ್ಯನ ಮಗಳನ್ನ ಬಿಡಕ್ಕಾಗುತ್ತಾ?"

ಅವರು ಹೊಗಳಿಕೆ ಅಂತಲೇ ಹೇಳಿದ್ದು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಪ್ಪ ಕುರ್ಚಿ ತಿರುಗಿಸಿದ್ದೇ ಡಂಗುರ ಸಾರಿದ ಹಾಗಾಗಿತ್ತು. ನಾನು ಯಾರ ಕಡೆಯವಳು ಅಂತ ಗೊತ್ತಿಲ್ಲದವರಿಗೂ ಆ ಕುರ್ಚಿ ಹೇಳಿಬಿಡುತ್ತಿತ್ತು. ತನ್ನ ಕಣ್ಣು ಎಲ್ಲಿ ಪಕ್ಷಪಾತ ಮಾಡುತ್ತದೋ ಎಂದು ಹೆದರಿ ಅಪ್ಪ ಅದನ್ನು ಉಳಿದೆಲ್ಲರ ಕಣ್ಣಿಗೆ ದಾಟಿಸಿದ್ದ. ಅವನನ್ನು ಮೆಚ್ಚುವವರು ಆ ಕುರ್ಚಿ ನೋಡಿ ನನ್ನನ್ನು ಆರಿಸಿದರು, ಅವನನ್ನು ಕಂಡರಾಗದವರು ಅದೇ ಕುರ್ಚಿ ನೋಡಿ ಮೂಗು ಮುರಿದಿರಬಹುದು. ನನ್ನ ಆಟವನ್ನು ಮಾತ್ರ ಯಾರೂ ನೋಡಿರಲಿಲ್ಲ. ನೋಡಿದ್ದರೆ ಸರಿಯಾಗಿ ಹೇಳಬಲ್ಲವನು ಒಬ್ಬನೇ, ಅವನು ಗೋಡೆ ನೋಡುತ್ತಿದ್ದ.

ಅಂದಿನಿಂದ ಒಂದು ಪ್ರಶ್ನೆ ನನಗೆ ಅಂಟಿಕೊಂಡಿತು. ನಾನು ನಿಜವಾಗಿಯೂ ಚೆನ್ನಾಗಿ ಆಡುತ್ತಿದ್ದೆನೇ? ಅಮ್ಮನನ್ನು ಕೇಳಿದರೆ "ಚಿನ್ನದಂಗೆ ಆಡ್ತಿದ್ದೆ" ಅನ್ನುತ್ತಾಳೆ. ಅಮ್ಮನ ಮಾತಿಗೆ ಬೆಲೆಯಿಲ್ಲ ಅಂತಲ್ಲ, ಆದರೆ ನಾನು ಬಿದ್ದಾಗಲೂ ಚಪ್ಪಾಳೆ ಹೊಡೆದವಳು ಅವಳು. ಅಪ್ಪನನ್ನು ಕೇಳಲು ಬಾಯಿ ಬರಲಿಲ್ಲ. ಆಮೇಲೆ ಕಾಲೇಜು, ಕೆಲಸ, ಮದುವೆ, ಮಕ್ಕಳು ಎಲ್ಲ ಆಯಿತು. ಕ್ರೀಡಾಕೂಟದಲ್ಲಿ ನಾನು ಮಾತಾಡಲು ನಿಂತರೆ "ಇವ್ರು ನಮ್ಮ ಜಿಲ್ಲಾ ತಂಡದ ಪ್ಲೇಯರ್ ಆಗಿದ್ದೋರು" ಎಂದು ಯಾರಾದರೂ ಪರಿಚಯಿಸುತ್ತಾರೆ. ಆಗೆಲ್ಲ ಬೇರೆಯವರ ಸರ್ಟಿಫಿಕೇಟ್ ನನ್ನ ಕೈಗೆ ಬಂದ ಹಾಗೆ ಮುಜುಗರವಾಗುತ್ತದೆ.

ಹಾಗಾಗಿ ನಾನೇ ಆಯ್ಕೆಗೆ ಕೂರುವಂತಾದಾಗ ಕುರ್ಚಿ ತಿರುಗಿಸಲಿಲ್ಲ. "ನನ್ನ ಶಾಲೆ ಮಗು ಬಂದ್ರೆ ಬಾಯಿ ಮುಚ್ಕೊಂಡಿರ್ತೀನಿ, ಮಾರ್ಕ್ಸ್ ಹಾಕಲ್ಲ. ಆದ್ರೆ ಕಣ್ಣು ಮುಚ್ಚಲ್ಲ" ಎಂದೆ. ಅಪ್ಪನ ನಿಯತ್ತು ಮಗಳಿಗೆ ಬರಲಿಲ್ಲ ಎಂದು ಹಿಂದಿನಿಂದ ಆಡಿಕೊಂಡರು. ಆಡಿಕೊಳ್ಳಲಿ. ಅದು ಅಪ್ಪನ ಕಿವಿಗೂ ಬಿತ್ತು. ಅವನು ಜಗಳವಾಡಲಿಲ್ಲ, ಕೆಲವು ದಿನ ಗೇಟಿನ ಬಳಿ ಕಾಫಿಗೆ ಬರಲಿಲ್ಲ ಅಷ್ಟೆ.

ಈ ಸಲದ ಜಿಲ್ಲಾ ಆಯ್ಕೆಗೆ ನಮ್ಮ ಶಾಲೆಯಿಂದ ಹೊರಟವಳು ಸೋಗಾನೆಯ ಹುಡುಗಿ, ಒಂಬತ್ತನೇ ತರಗತಿ. ಹೊಲ, ಹಸು ಇರುವ ಮನೆ. ದಪ್ಪ ಗಾಜಿನ ಕನ್ನಡಕ ಹಾಕುತ್ತಾಳೆ, ಅದು ಬೀಳದ ಹಾಗೆ ತಲೆಯ ಹಿಂದೆ ಎಲಾಸ್ಟಿಕ್ ಕಟ್ಟಿಕೊಂಡಿರುತ್ತಾಳೆ. ಅಂಪೈರ್ ಜೊತೆ ವಾದ ಮಾಡುವ ಪೈಕಿಯಲ್ಲ, ಹಾಗಾಗಿ ಅವಳು ನನ್ನ ಕಣ್ಣಿಗೆ ಬಿದ್ದದ್ದೇ ತಡವಾಗಿ. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ನಮ್ಮ ಮೈದಾನದ ಮೇಲೆ ವಿಮಾನ ಹೋದರೆ ಆಟ ನಿಂತು ಎಲ್ಲರೂ ಕತ್ತೆತ್ತುತ್ತಾರೆ, ನಾನೂ ಎತ್ತುತ್ತೇನೆ. ಇವಳು ಎತ್ತುವುದಿಲ್ಲ. ದಿನಾ ಮನೆ ಮೇಲೆ ಹಾರುವುದನ್ನು ಕಂಡು ಕಂಡು ಅವಳಿಗೆ ಅದು ಸಿಟಿ ಬಸ್ಸಿನಷ್ಟೇ. ಒಂದು ದಿನ ಎಲ್ಲರೂ ಆಕಾಶ ನೋಡುತ್ತಿದ್ದಾಗ ಇವಳು ಸದ್ದಿಲ್ಲದೆ ಹೋಗಿ ರನ್ನರ್‌ಗಳನ್ನೆಲ್ಲ ಒಬ್ಬೊಬ್ಬರಾಗಿ ಮುಟ್ಟಿ ಔಟ್ ಮಾಡಿ ಬಂದಳು. ಅವತ್ತು ನನಗೆ ಅವಳು ಕಂಡ ಹಾಗಾಯಿತು.

ಆಯ್ಕೆ ಇದ್ದದ್ದು ಭದ್ರಾವತಿಯಲ್ಲಿ, ಅಪ್ಪನ ಶಾಲೆಗೆ ಹತ್ತಿರದ, ನನ್ನ ಕಾಲದಲ್ಲೂ ಆಯ್ಕೆ ನಡೆಯುತ್ತಿದ್ದ ಅದೇ ಹಳೆಯ ಮೈದಾನದಲ್ಲಿ. ಅಲ್ಲಿಯ ಮೇಷ್ಟ್ರುಗಳು ಅಪ್ಪನನ್ನೂ ಅತಿಥಿಯಾಗಿ ಕರೆದಿದ್ದರು. ಹಿಂದಿನ ದಿನವೇ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿಟ್ಟುಕೊಂಡು, ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂತು, ಭದ್ರಾವತಿ ಬರುವವರೆಗೂ ಯಾವ ಊರಿನಿಂದ ಯಾವ ಆಟಗಾರ ಬಂದಿದ್ದ ಎಂದು ಪಕ್ಕದವರಿಗೆ ಹೇಳುತ್ತಲೇ ಇದ್ದ. ಹುಡುಗಿ ನನ್ನ ಪಕ್ಕ ಕೂತಿದ್ದಳು.

"ಮಿಸ್, ಈ ಸಲ ನನ್ನ ಆಟ ನೋಡ್ತಾರಾ?" ಎಂದಳು.

"ಯಾಕೆ ಹಂಗೆ ಕೇಳ್ತೀಯ?"

"ಹೋದ್ವರ್ಷ ನಮ್ಮೂರ ಸ್ಕೂಲಿಂದ ತಾಲೂಕು ಆಯ್ಕೆಗೆ ಹೋದಾಗ, ನಾನು ಒಳಗೆ ಇಳಿಯೋ ಮುಂಚೇನೇ ಒಬ್ರು ಸರ್, ಕನ್ನಡಕದೋಳು ಬೇಡ, ಒಡ್ಕೊಂಡ್ರೆ ಯಾರು ಜವಾಬ್ದಾರಿ ಅಂದ್ರು. ಆಮೇಲೆ ನಾನು ಓಡ್ದೆ. ಅವ್ರು ಫೋನ್ ನೋಡ್ತಿದ್ರು."

"ನಾನಂತೂ ನೋಡ್ತೀನಿ."

"ನೀವು ನೋಡಿದ್ರೂ ಮಾತಾಡಂಗಿಲ್ವಲ್ಲ ಮಿಸ್" ಎಂದಳು. ಆಯ್ಕೆಯಾಗುವುದಕ್ಕಿಂತ ಹೆಚ್ಚಾಗಿ, ಯಾರಾದರೂ ತನ್ನನ್ನು ಪೂರ್ತಿ ನೋಡಲಿ ಎನ್ನುವುದೇ ಆ ಹುಡುಗಿಗೆ ಬೇಕಿತ್ತು. ಆ ಆಸೆ ಎಂಥದ್ದು ಅಂತ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಈ ಸಲ ಸಮಿತಿಯವರ ಜೊತೆ ಗುದ್ದಾಡಿ ನಾನು ಒಂದು ಏರ್ಪಾಡು ಮಾಡಿಸಿದ್ದೆ. ಯಾರೂ ಶಾಲೆಯ ಟೀ ಶರ್ಟ್ ಹಾಕುವಂತಿಲ್ಲ, ಬರೀ ಚೆಸ್ಟ್ ನಂಬರ್. ಯಾವ ಮಗು ಎಲ್ಲಿಯದು ಅಂತ ತಿಳಿಯದ ಹಾಗೆ ಎಲ್ಲ ಮಕ್ಕಳನ್ನೂ ಬೆರೆಸಿ ಮರದ ಕೆಳಗೆ ಕೂರಿಸಬೇಕು. ಯಾರೂ ಕುರ್ಚಿ ತಿರುಗಿಸುವಂತಿಲ್ಲ. "ಎಲ್ಲಾ ಸರಿ ಮೇಡಂ, ಮಕ್ಕಳ ಕಾಲು ಮಾತ್ರ ಮುಚ್ಚಬೇಡಿ" ಎಂದು ಮೀನಖಂಡದ ಮೇಷ್ಟ್ರು ನಕ್ಕು ಒಪ್ಪಿದರು. ಇದೆಲ್ಲ ಸಮಿತಿಯೊಳಗೇ ಆದ ಮಾತು. ಅತಿಥಿಯಾಗಿ ಬಂದ ಅಪ್ಪನಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಬೆಳಗ್ಗೆ ಎಲ್ಲ ಸುಸೂತ್ರವಾಗಿ ನಡೆಯಿತು. ಅಪ್ಪ ನಮ್ಮ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತು ಎಲ್ಲ ಮಕ್ಕಳನ್ನೂ ಆಸೆಯಿಂದ ನೋಡುತ್ತಿದ್ದ. ಟೀ ಬಂತು. ಅದೇ ಹೊತ್ತಿಗೆ ಸೋಗಾನೆಯ ಹುಡುಗಿ ಇನ್ನಿಬ್ಬರು ರನ್ನರ್‌ಗಳ ಜೊತೆ ಒಳಗೆ ಇಳಿದಳು. ಎಲಾಸ್ಟಿಕ್ ಸರಿಮಾಡಿಕೊಂಡು ಒಮ್ಮೆ ನಮ್ಮ ಕಡೆ ನೋಡಿದಳು. ಸೀಟಿ ಊದಿದರು.

ಪ್ಲಾಸ್ಟಿಕ್ ಕುರ್ಚಿ ನೆಲಕ್ಕೆ ಉಜ್ಜಿದ ಸದ್ದು ಕೇಳಿ ತಿರುಗಿದೆ. ಅಪ್ಪ ಎದ್ದು, ಎರಡೂ ಕೈಯಲ್ಲಿ ಕುರ್ಚಿ ಎತ್ತಿ, ಪೂರಾ ತಿರುಗಿಸಿಟ್ಟು, ಗೋಡೆಗೆ ಮುಖ ಮಾಡಿ ಕೂತ. ಬೆನ್ನು ಹಿಂದಿನಷ್ಟು ನೆಟ್ಟಗಿರಲಿಲ್ಲ. ಕೈ ಮಾತ್ರ ತೊಡೆಯ ಮೇಲೆಯೇ ಇತ್ತು.

ಸಾಲಿನಲ್ಲಿದ್ದವರೆಲ್ಲ ಹುಡುಗಿಯನ್ನು ಬಿಟ್ಟು ಆ ಕುರ್ಚಿ ನೋಡಿದರು. "ಓಹೋ, ಕನ್ನಡಕದೋಳು ನಿಮ್ಮ ಹುಡುಗೀನಾ ಮೇಡಂ?" ಎಂದರು ಮೀನಖಂಡದ ಮೇಷ್ಟ್ರು. "ಹಂಗಾದ್ರೆ ನಮ್ಮ ಹಳೇ ಮೇಷ್ಟ್ರಿಗೆ ಮೊಮ್ಮಗಳಿದ್ದಂಗೆ. ಹಾಕ್ಬಿಡೋಣ ಬಿಡಿ" ಎಂದು ಅಕ್ಕಂದಿರ ಟೀಚರ್ ಪ್ರೀತಿಯಿಂದಲೇ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೋಗಿ ಅಪ್ಪನ ಕುರ್ಚಿಯ ಬೆನ್ನು ಹಿಡಿದುಕೊಂಡೆ.

"ಅಪ್ಪಾ, ಈ ಕಡೆ ತಿರುಗು."

"ನಿನ್ನ ಹುಡುಗಿ ಅಲ್ವೇನೆ ಅದು? ನೀನಂತೂ ತಿರುಗಲ್ಲ. ನಾನಾದ್ರೂ ತಿರುಗಿ ಕೂತ್ಕೋತೀನಿ."

"ನೀನು ತಿರುಗಿದ್ದಕ್ಕೇ ಎಲ್ರಿಗೂ ಗೊತ್ತಾಗಿದ್ದು ಅವ್ಳು ಯಾರು ಅಂತ. ಈಗ ಯಾರೂ ಅವಳನ್ನ ನೋಡ್ತಿಲ್ಲ, ನಿನ್ನ ನೋಡ್ತಿದಾರೆ. ಯಾವಾಗ್ಲೂ ಇದೇ ಆಗಿದ್ದು."

"ಯಾವಾಗ್ಲೂ ಅಂದ್ರೆ?"

"ಯಾವಾಗ್ಲೂ ಅಂದ್ರೆ ಯಾವಾಗ್ಲೂ. ನನ್ನ ಕಾಲದಿಂದ."

ಅಪ್ಪ ಕತ್ತು ತಿರುಗಿಸಿ ನನ್ನ ಮುಖ ನೋಡಿದ. ಆಮೇಲೆ ಸಾಲಿನಲ್ಲಿದ್ದವರನ್ನು ನೋಡಿದ. ಅವರೆಲ್ಲ ನಿಜವಾಗಿಯೂ ಅವನನ್ನೇ ನೋಡುತ್ತಿದ್ದರು. ಅಪ್ಪ ಎದ್ದ. ನಾನು ಕುರ್ಚಿ ತಿರುಗಿಸಿಕೊಟ್ಟೆ, ಅವನು ಮೈದಾನದ ಕಡೆ ಮುಖ ಮಾಡಿ ಕೂತ. ಅಷ್ಟರಲ್ಲಿ ಹುಡುಗಿಯ ಸರದಿ ಮುಗಿದುಹೋಗಿತ್ತು.

ಊಟಕ್ಕೆ ಮುಂಚೆ ಹೆಸರುಗಳ ಮಾತು ಬಂತು. ಸೋಗಾನೆಯ ಹುಡುಗಿಯ ನಂಬರ್ ಬಂದಾಗ ನಾನು ಬಾಯಿ ಬಿಗಿಹಿಡಿದು ಕೂತೆ. ಹಾಕೋಣ ಎಂದು ಇಬ್ಬರು, ಕನ್ನಡಕ ಇದೆಯಲ್ಲ ಎಂದು ಒಬ್ಬರು. "ಸರ್, ನೀವೇ ಹೇಳಿ" ಎಂದು ಮೀನಖಂಡದ ಮೇಷ್ಟ್ರು ಅಪ್ಪನ ಕಡೆ ತಿರುಗಿದರು.

"ನಾನು ಆ ಮಗು ಜೊತೆ ಬಸ್ಸಲ್ಲಿ ಬಂದೋನು, ನನ್ನ ಮಾತು ಲೆಕ್ಕಕ್ಕಿಲ್ಲ" ಎಂದ ಅಪ್ಪ. ಎಲ್ಲರನ್ನೂ ಒಮ್ಮೆ ನೋಡಿ, "ಆದ್ರೆ ನಿಮ್ಮಲ್ಲಿ ಯಾರು ಅವಳ ಆಟ ನೋಡಿದ್ರಿ, ಕೈ ಎತ್ತಿ" ಎಂದ, ಪ್ರೇಯರ್‌ನಲ್ಲಿ ಮಕ್ಕಳನ್ನು ಕೇಳುವ ಹಾಗೆ. ಯಾರೂ ಎತ್ತಲಿಲ್ಲ. "ನನ್ನಿಂದ ಆಗಿದ್ದು ಅದು. ಇನ್ನೊಂದ್ಸಲ ಓಡ್ಸಿ. ಈ ಸಲ ಎಲ್ರೂ ನೋಡಿ, ನಾನೂ ನೋಡ್ತೀನಿ."

ಮತ್ತೆ ಓಡಿಸಿದರು. ಯಾರ ಕೈಯಲ್ಲೂ ಟೀ ಇರಲಿಲ್ಲ, ಫೋನ್ ಇರಲಿಲ್ಲ. ಹುಡುಗಿ ಚುರುಕಾಗಿದ್ದಳು. ಮಂಡಿ ತರಚಿದರೂ ನಿಲ್ಲಲಿಲ್ಲ, ಕನ್ನಡಕ ಒಂದು ಸಲವೂ ಜಾರಲಿಲ್ಲ. ಆದರೆ ನೋಡನೋಡುತ್ತಾ ನನಗೇ ಕಾಣಿಸಿತು, ಅವಳು ಪ್ರತಿ ಸಲವೂ ಬಲಕ್ಕೇ ತಿರುಗುತ್ತಿದ್ದಳು. ಬೆನ್ನಟ್ಟುವವರಿಗೂ ಅದು ಬೇಗ ತಿಳಿಯಿತು. ಕಂಬದ ಬಳಿ ಬಲಗಡೆ ಕಾದು ಹಿಡಿದುಬಿಟ್ಟರು. ಮೀನಖಂಡದ ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಒಂದು ಮಗುವಿನ ಕಾಲು ಬಿಟ್ಟು ಓಟ ನೋಡಿದರೋ ಏನೋ, "ಎಡಕ್ಕೆ ತಿರುಗಕ್ಕೆ ಬರಲ್ಲ ಅವಳಿಗೆ. ಕಲಿತ್ರೆ ಮುಂದಿನ ವರ್ಷ ಇವಳನ್ನ ಹಿಡಿಯೋರಿಲ್ಲ" ಎಂದರು. ಅವಳಿಗಿಂತ ಚೆನ್ನಾಗಿ ಓಡಿದವರಿದ್ದರು. ಅವರು ಆಯ್ಕೆಯಾದರು, ಇವಳು ಆಗಲಿಲ್ಲ. ಅದು ಸರಿಯಾದ ತೀರ್ಮಾನ ಅಂತ ನನಗೂ ಗೊತ್ತಿತ್ತು. ಆದರೂ ಸಂಕಟವಾಯಿತು.

ಹೆಸರು ಓದಿದ ಮೇಲೆ ಹುಡುಗಿ ನಲ್ಲಿಯ ಬಳಿ ಹೋಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಖ ತೊಳೆಯುತ್ತಿದ್ದಳು. ನಾನು ಹೋಗುವ ಮೊದಲೇ ಅಪ್ಪ ಹೋದ. "ನೀನು ಬಲಕ್ಕೆ ಮಾತ್ರ ತಿರುಗ್ತೀಯ ಕಣಮ್ಮ. ಎಡಗಾಲು ಊರಕ್ಕೆ ಹೆದರ್ತೀಯ" ಎಂದ.

ಅವಳು ಒದ್ದೆ ಕನ್ನಡಕ ಒರೆಸಿ ಹಾಕಿಕೊಂಡು ಅವನನ್ನು ನೋಡಿದಳು. "ನೀವು ಪೂರ್ತಿ ನೋಡಿದ್ರಾ ತಾತ?"

"ಪೂರ್ತಿ ನೋಡಿದೆ. ಅದಕ್ಕೇ ಗೊತ್ತಾಗಿದ್ದು."

ಅವಳ ಅಳು ನಿಂತಿತು. ನಿಂತದ್ದಷ್ಟೇ ಅಲ್ಲ, ಸೀದಾ ಕಂಬದ ಬಳಿ ಹೋಗಿ ಎಡಕ್ಕೆ ತಿರುಗುವುದನ್ನು ಅಭ್ಯಾಸ ಮಾಡಲು ಶುರು ಮಾಡಿದಳು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಆಯ್ಕೆಯಾಗದ ಒಂಬತ್ತನೇ ತರಗತಿಯ ಹುಡುಗಿಯ ಮೇಲೆ, ಎರಡೆರಡು ಸಲ ಆಯ್ಕೆಯಾದ ನನಗೆ.

ಸಂಜೆ ಅಕ್ಕಂದಿರ ಟೀಚರ್ ಮಕ್ಕಳನ್ನೆಲ್ಲ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಲು ಕರೆದುಕೊಂಡು ಹೋದರು. ಉಳಿದ ಮೇಷ್ಟ್ರುಗಳೂ ಹೊರಟರು. ಕಂಬ ಕೀಳುವವನು ಇನ್ನೂ ಬಂದಿರಲಿಲ್ಲ. ಮೈದಾನದ ಅಂಚಿನಲ್ಲಿ ಅಪ್ಪ ಕುರ್ಚಿಯ ಮೇಲೆ, ನಾನು ನೆಲದ ಮೇಲೆ ಕೂತಿದ್ದೆವು. ಈಗ ಕೇಳದಿದ್ದರೆ ಇನ್ನು ಯಾವತ್ತೂ ಕೇಳುವುದಿಲ್ಲ ಅನಿಸಿತು.

"ಅಪ್ಪ, ನಾನು ಹೆಂಗೆ ಆಡ್ತಿದ್ದೆ?"

"ನಾನು ನೋಡಿಲ್ವಲ್ಲೇ."

"ಒಂದ್ಸಲನೂ? ಕದ್ದು?"

"ಕದ್ದು ನೋಡೋದಾದ್ರೆ ತಿರುಗಿ ಯಾಕೆ ಕೂರ್ಬೇಕು?" ಎಂದ. ಆಮೇಲೆ ಆ ಕಡೆಯ ಕಾಂಪೌಂಡ್ ತೋರಿಸಿ, "ಆ ಗೋಡೇಲಿ ಒಂದು ಬಿರುಕಿತ್ತು. ನಿನ್ನ ಸರದಿ ಮುಗಿಯೋವರ್ಗೂ ಅದನ್ನೇ ನೋಡ್ತಿದ್ದೆ. ಈಗ ಬಣ್ಣ ಹೊಡೆದಿದಾರೆ. ಆದ್ರೂ ಬರಿ ಅಂದ್ರೆ ಆ ಬಿರುಕು ಎಲ್ಲೆಲ್ಲಿ ಹೋಗಿತ್ತು ಅಂತ ಬರೆದು ತೋರಿಸ್ತೀನಿ" ಎಂದ.

ಇಷ್ಟು ವರ್ಷ ಕಾದ ಉತ್ತರ ಇಷ್ಟೇ ಇತ್ತು. ಸಿಟ್ಟು ಬರಲಿಲ್ಲ, ಅಳು ಬಂತು. ಅದನ್ನು ಅವನು ನೋಡಬಾರದು ಅಂತ ನಾನೇ ಆ ಕಡೆ ಮುಖ ತಿರುಗಿಸಿಕೊಂಡೆ.

"ಕಂಬ ಇನ್ನೂ ಇದಾವಲ್ಲ" ಎಂದ ಅಪ್ಪ.

"ಇದ್ರೆ?"

"ಓಡು ನೋಡೋಣ."

"ನಿಂಗೇನು ಹುಚ್ಚಾ? ನನ್ನ ಮಂಡಿ ಮೆಟ್ಟಿಲು ಹತ್ತಕ್ಕೇ ಕೇಳಲ್ಲ."

"ನಿಧಾನಕ್ಕೆ ಓಡು ಮಾರಾಯ್ತಿ. ನಾನೇನು ನಿನ್ನ ಜಿಲ್ಲಾ ಟೀಮಿಗೆ ತಗೋತೀನಾ?"

ನಗು ಬಂತು. ಸುತ್ತ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ದುಪ್ಪಟ್ಟಾವನ್ನು ಸೊಂಟಕ್ಕೆ ಕಟ್ಟಿ, ಬೂಟಿನ ದಾರ ಬಿಗಿದುಕೊಂಡು ಒಳಗೆ ಇಳಿದೆ. ಅಪ್ಪ ಕುರ್ಚಿಯನ್ನು ಗೆರೆಯವರೆಗೂ ಎಳೆದುಕೊಂಡು ಬಂದ. ಸಾಲಿನಲ್ಲಿ ಕೂರುವವರಿರಲಿಲ್ಲ, ಬೆನ್ನಟ್ಟುವವರಿರಲಿಲ್ಲ, ಸುಣ್ಣದ ಗೆರೆಗಳು ಮಾತ್ರ ಇದ್ದವು. ಆ ಕಡೆ ಈ ಕಡೆ ಓಲಾಡುತ್ತಾ ಓಡಿ, ದೂರದ ಕಂಬ ಸುತ್ತಿ, ಹತ್ತಿರದ ಕಂಬ ಸುತ್ತಿ, ಇನ್ನೊಂದು ಸುತ್ತಿಗೆ ಉಸಿರು ಸಾಲದೆ ಬಂದು ಅವನೆದುರು ಮಂಡಿ ಹಿಡಿದುಕೊಂಡು ನಿಂತೆ.

ಅಪ್ಪ ಬೇರೆ ಮಕ್ಕಳಿಗೆ ಹೇಳುವ ದನಿಯಲ್ಲೇ ಹೇಳಿದ. "ಕಾಲು ಚೆನ್ನಾಗಿದೆ. ಓಲಾಟಾನೂ ಇದೆ. ಆದ್ರೆ ಕಂಬ ಸುತ್ತುವಾಗ ನೀನು ಕುರ್ಚಿ ಕಡೆ ನೋಡ್ತೀಯ. ಅಲ್ಲಿ ಅರ್ಧ ಹೆಜ್ಜೆ ಹಿಂದೆ ಬೀಳ್ತೀಯ." ಆಮೇಲೆ ಕೇಳಿದ, "ಆವಾಗ್ಲೂ ಹಂಗೇ ಮಾಡ್ತಿದ್ಯೇನೆ?"

"ಹೂಂ ಅಪ್ಪ" ಎಂದೆ. "ಆವಾಗ್ಲೂ."

ಅವನ ಕೈ ತೊಡೆಯ ಮೇಲೆಯೇ ಇತ್ತು. ಆಮೇಲೆ ಕುರ್ಚಿಯನ್ನು ಇನ್ನೂ ಸ್ವಲ್ಪ ಮುಂದಕ್ಕೆ ಸರಿಸಿಕೊಂಡ.

"ಇನ್ನೊಂದ್ಸಲ ಓಡು. ಈ ಸಲ ಇತ್ಲಾಗೆ ನೋಡ್ಬೇಡ. ನಾನು ನೋಡ್ತಿರ್ತೀನಿ."

ದುಪ್ಪಟ್ಟಾ ಬಿಗಿ ಮಾಡಿಕೊಂಡು ನಾನು ಮತ್ತೆ ಕಂಬದ ಕಡೆ ಹೋದೆ.